ಬಕೆಟ್ಟಿನ ಮೇಲೆ ಒಂದೇ ಟೇಪು

ವಿಮಾನ ನಿಲ್ಲಿಸುವ ಹ್ಯಾಂಗರಿನವರೆಲ್ಲ ಹೊಳಪಮ್ಮ ಎಂದು ಕರೆಯುತ್ತಿದ್ದ ಆಕೆ ಬಕೆಟ್ಟನ್ನು ಒಂದು ಸುತ್ತು ತಿರುಗಿಸಿ ನೋಡಿದಳು. ಮತ್ತೊಮ್ಮೆ ತಿರುಗಿಸಿದಳು. ಅಂಟಿಕೊಂಡಿದ್ದದ್ದು ಒಂದೇ ತುಂಡು ಟೇಪು, ಎರಡಿರಬೇಕಿತ್ತು.

ವಿಮಾನ ಎಷ್ಟು ದೊಡ್ಡದಾದರೇನು, ಅದರ ಜೀವ ಸೂಜಿ ತೂತಿನಲ್ಲಿ. ಸಾಹುಕಾರರ ಈ ಖಾಸಗಿ ಜೆಟ್ಟಿನ ಎರಡೂ ಪಕ್ಕೆಗಳಲ್ಲಿ ಸಣ್ಣ ತೂತುಗಳಿದ್ದವು. ಅವುಗಳಲ್ಲಿ ಗಾಳಿಯಾಡಿದರೇ ಪೈಲಟ್‌ಗೆ ಎತ್ತರ, ವೇಗ ಸರಿಯಾಗಿ ತಿಳಿಯುವುದು. ತೊಳೆಯುವಾಗ ಒಳಗೆ ನೀರು ಹೋಗದಂತೆ ಕೆಂಪು ಟೇಪು ಹಚ್ಚಬೇಕು, ತೊಳೆದ ಮೇಲೆ ಕಿತ್ತು, ಬಕೆಟ್ಟಿಗೆ ಅಂಟಿಸಿ ಎಣಿಸಬೇಕು. ಇವತ್ತು ಕೆಂಪು ಟೇಪು ಮುಗಿದಿತ್ತು.

"ಬೆಳ್ಳಿ ಬಣ್ಣದ್ದೇ ಹಾಕು ಬಿಡು, ಕೊನೇಲಿ ನಾನು ನೋಡ್ಕೋತೀನಲ್ಲ" ಅಂದಿದ್ದ ಭಾವ. ಅಕ್ಕನ ಗಂಡ, ಇಲ್ಲಿಯ ಮೆಕ್ಯಾನಿಕ್, ಇವಳಿಗೆ ಕೆಲಸ ಕೊಡಿಸಿದವನು.

ಬೆಳ್ಳಿ ಮೈಗೆ ಬೆಳ್ಳಿ ಟೇಪು, ಕಂಡೀತು ಹೇಗೆ? ಎಡಪಕ್ಕೆಯದನ್ನು ಕೀಳಬೇಕೆನ್ನುವಷ್ಟರಲ್ಲಿ ಸೀಟಿನ ಮೇಲೆ ಕಾಫಿ ಕಲೆ ಇದೆಯೆಂದು ಒಳಗಿನಿಂದ ಕೂಗಿದರು. ಓಡಿದಳು, ಮರೆತಳು, ಹಾಳಾದ ಮರೆವು. ಭಾವನೋ, ನಾದಿನಿಯ ಕೆಲಸದಲ್ಲಿ ನೋಡುವುದೇನಿದೆ ಎಂದು ಕಣ್ಣೂ ಹಾಯಿಸದೆ ತಪಾಸಣೆಯ ಕಾಗದಕ್ಕೆ ಸಹಿ ಗೀಚಿದ. ದಾರಿಯಲ್ಲಿ ಏನಾದರೂ ಕೆಟ್ಟರೆ ಇರಲಿ ಎಂದು ಅವನನ್ನೂ ವಿಮಾನದಲ್ಲಿ ಕೂರಿಸಿಕೊಂಡಿದ್ದರು. ವಿಮಾನ ಆಗಲೇ ಹ್ಯಾಂಗರಿನಾಚೆ ಹೊರಡಲು ಸಜ್ಜಾಗಿ ನಿಂತಿತ್ತು.

ಅವನಿಗೇ ಫೋನು ಮಾಡಿದಳು. "ಭಾವ, ಎಡಗಡೆ ಟೇಪು ಕಿತ್ತಿಲ್ಲ. ನಿಲ್ಲಿಸೋಕೆ ಹೇಳಿ."

"ಕಿತ್ತಿರ್ತೀಯ. ಎಲ್ಲೋ ಬಿದ್ದಿರುತ್ತೆ, ಹುಡುಕು."

"ಇಲ್ಲ ಭಾವ, ನಂಗೆ ಗೊತ್ತು."

ಅವನ ದನಿ ಇಳಿಯಿತು. "ಸಹಿ ನಂದು ಕಣೇ. ಈಗ ಬಾಯಿ ಬಿಟ್ರೆ ನನ್ನ ಲೈಸೆನ್ಸ್ ಹೋಗುತ್ತೆ. ನಿಮ್ಮಕ್ಕನ ಮುಖ ನೋಡಾದ್ರೂ ಸುಮ್ನಿರು."

"ಅಕ್ಕನ ಮುಖ ನೋಡೇ ಹೇಳ್ತಿರೋದು. ನೀವೂ ಅದರಲ್ಲೇ ಕೂತಿದ್ದೀರಲ್ಲ."

ಫೋನು ಕಟ್ಟಾಯಿತು. ಮಾನದ ಮುಂದೆ ಪ್ರಾಣವೂ ಅಗ್ಗವೆನಿಸುವ ಗಳಿಗೆ ಮನುಷ್ಯನಿಗೆ ಬರುತ್ತದೆ, ಏನು ಹೇಳೋಣ.

ವಿಮಾನಗಳು ಓಡಾಡುವ ಕಡೆಯ ಗೇಟಿನ ಕಾವಲುಗಾರನ ಕಾಲಿಗೆ ಬಿದ್ದಳು. "ಸಾಹೇಬ್ರನ್ನ ಕೇಳ್ಬೇಕಮ್ಮ" ಎಂದು ಅವನು ತಲೆ ಕೆರೆದುಕೊಂಡ. ಜೆಟ್ಟು ಆಗಲೇ ಉರುಳತೊಡಗಿತ್ತು. ಅವನನ್ನು ತಳ್ಳಿ, ಚಪ್ಪಲಿ ಬಿಟ್ಟು, ಕಾದ ಕಾಂಕ್ರೀಟಿನ ಮೇಲೆ ಬರಿಗಾಲಲ್ಲಿ ಓಡಿದಳು. ಕಾಲು ಸುಟ್ಟರೆ ಸುಡಲಿ, ಜೀವ ಹೋದರೆ ಹೋಗಲಿ. ಒರೆಸುವ ಹಳದಿ ಬಟ್ಟೆ ಬೀಸುತ್ತ ಮೂತಿಯ ಮುಂದೆ ಹೋಗಿ ಅಡ್ಡ ಮಲಗಿಬಿಟ್ಟಳು.

ವಿಮಾನ ಜೋಲಿ ಹೊಡೆದು ನಿಂತಿತು. ಸದ್ದು ಅಡಗಿದ ಮೇಲೆ ಪೈಲಟ್ ಬೈಯುತ್ತಲೇ ಇಳಿದು ಬಂದ. ಅವಳು ಎಡಪಕ್ಕೆಯತ್ತ ಬೆರಳು ತೋರಿಸಿದಳು. ಅವನು ಉಗುರಿನಿಂದ ಕೆರೆದ, ಟೇಪು ಎದ್ದು ಬಂತು. ಅದನ್ನೇ ಹಿಡಿದುಕೊಂಡು ಮೆಟ್ಟಿಲ ಮೇಲಿದ್ದ ಭಾವನ ಕಡೆ ನೋಡಿದ. ಭಾವ ತಲೆ ತಗ್ಗಿಸಿದ.

ಸಂಜೆಯೊಳಗೆ ಇಬ್ಬರ ಕೆಲಸವೂ ಹೋಗಿತ್ತು. ಬೊಬ್ಬೆಯೆದ್ದ ಕಾಲೆಳೆದುಕೊಂಡು ಅಕ್ಕನ ಮನೆಗೆ ಬಂದಳು. ಬಾಗಿಲು ತೆರೆದ ಅಕ್ಕನ ಕಣ್ಣು ಊದಿಕೊಂಡಿತ್ತು.

"ಒಳಗೆ ಸೇರಿಸ್ಬೇಡ ಅವಳನ್ನ" ಎಂದು ಒಳಗಿನಿಂದ ಭಾವ ಕಿರುಚಿದ. "ಉಂಡ ಮನೆ ಜಂತೆ ಎಣಿಸಿದ್ಲು."

"ಹೋಗೇ" ಎಂದಳು ಅಕ್ಕ. ಬಾಗಿಲು ಹಾಕಿಕೊಂಡಿತು.

ಅವಳು ಹೋಗಲಿಲ್ಲ. ಹೊಸ್ತಿಲಾಚೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಒಳಗೆ ಭಾವ ಇವಳ ಹುಟ್ಟನ್ನು ಜಾಲಾಡುತ್ತಿದ್ದ. ಬೈಯಲಿ, ಬೈಯುವ ಬಾಯಿ ಮನೆಗೆ ಬಂದಿದೆಯಲ್ಲ. ಅವನ ದನಿ ಉಡುಗುವವರೆಗೂ ಅಲ್ಲೇ ಕೂತು ಕೇಳಿಸಿಕೊಂಡಳು.