ಅಗುಳಿ ಹಾಕಿದ ಕೈ

ಬಟ್ಟೆ ಬದಲಿಸಿಕೊಳ್ಳಲು ಒಳಕೋಣೆಗೆ ಹೋದ ತಂಗಿ ಬಾಗಿಲು ಮುಂದೆ ಮಾಡಲೆಂದು ಹಿಂದಕ್ಕೆ ಕೈ ಚಾಚಿದಳು. ಕೈಗೆ ಬರಿಯ ಗಾಳಿ ಸಿಕ್ಕಿತು. ತಿರುಗಿ ನೋಡಿದರೆ ಚೌಕಟ್ಟಿತ್ತು, ಬಾಗಿಲಿರಲಿಲ್ಲ. ತಿರುಗಣಿ ಕಿತ್ತ ಜಾಗದಲ್ಲಿ ತೂತುಗಳಿದ್ದವು, ಅವುಗಳ ಮೇಲೂ ಸುಣ್ಣ ಬಳಿದಿತ್ತು. ಅಡುಗೆಮನೆಗೂ ಬಾಗಿಲಿಲ್ಲ, ಹಿತ್ತಿಲಿಗೂ ಇಲ್ಲ. ಬೀದಿಯ ಕಡೆಗೆ ಒಂದು ಗೋಣಿಪಟ್ಟೆ ತೂಗುತ್ತಿತ್ತು, ಅಷ್ಟೆ. ಹಿಂದೊಮ್ಮೆ ಬಂದಾಗ ಕೇಳಿದ್ದಕ್ಕೆ, ಗೆದ್ದಲು ಹಿಡಿದಿತ್ತು, ರಿಪೇರಿಗೆ ಕೊಟ್ಟಿದ್ದೇನೆ ಎಂದಿದ್ದಳು ಅಕ್ಕ. ಅದಾಗಿ ಹತ್ತೊಂಬತ್ತು ವರ್ಷ.

"ಬಾಗಿಲು ಹುಡುಕ್ತಿದ್ದೀರಾ ಚಿಕ್ಕಕ್ಕ?" ಪಕ್ಕದ ಮನೆಯಾಕೆ ಹಜಾರದಿಂದ ಬಂದು ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತಳು. "ಈ ಮನೇಲಿ ಅದೊಂದು ಕೇಳ್ಬೇಡಿ. ನಾನು ಅಡ್ಡ ಇದ್ದೀನಿ, ಬೇಗ ಉಟ್ಕೊಳ್ಳಿ. ಬಡಗಿ ಬಂದಾಯ್ತು."

ತಂಗಿ ಸೆರಗು ಸರಿಮಾಡಿಕೊಳ್ಳುತ್ತ ತಲೆ ಎತ್ತಿದಳು. ಕಿಟಕಿಯ ಮೇಲೆ ಒಂದು ಬೂದು ಬೆಕ್ಕು ಕೂತಿತ್ತು. ಕದಲಲಿಲ್ಲ, ಕೂಗಲಿಲ್ಲ. ಅವಳು ಹುಶ್ ಎಂದರೂ ರೆಪ್ಪೆ ಬಡಿಯಲಿಲ್ಲ.

ಹಜಾರಕ್ಕೆ ಬಂದರೆ ಅಲ್ಲೂ ಅವು. ಹಿತ್ತಿಲ ಹೊಸ್ತಿಲಲ್ಲಿ ಮೂರು, ಒಲೆಯ ಕಟ್ಟೆಯ ಮೇಲೆ ಒಂದು, ಬೀದಿಯ ಗೋಣಿಪಟ್ಟೆಯ ಕೆಳಗೆ ಸಾಲಾಗಿ ಆರು. ಕಿಟಕಿಯದೂ ಸೇರಿ ಎಣಿಸಿದರೆ ಹನ್ನೊಂದಾದವು. ಯಾರ ಕೈಗೂ ಸಿಗದ ಬೀದಿಬೆಕ್ಕುಗಳು. ಕಿವಿ ಹರಿದವು, ಬಾಲ ಮೊಂಡಾದವು. ಹಾಲಿನ ಹೊತ್ತಿಗೆ ಬೇಲಿಯಿಂದ ಇಳಿದು, ಕುಡಿದು, ಮತ್ತೆ ಬೇಲಿಗೇ ಹೋಗುವ ಜಾತಿ.

"ಇವು ಮನೆಯೊಳಗೆ ಬಂದಿದ್ದೇ ಇಲ್ಲ," ಎಂದಳು ಪಕ್ಕದ ಮನೆಯಾಕೆ, ದನಿ ತಗ್ಗಿಸಿ. "ಅಕ್ಕ ಹೋದ ಬೆಳಗ್ಗೆಯಿಂದ ಹೀಗೇ. ನಾನು ಹಾಲು ಇಟ್ಟೆ. ಮೂಸೂ ನೋಡ್ಲಿಲ್ಲ."

ಅಂಗಳದ ಬೋಗುಣಿಯಲ್ಲಿ ಎರಡು ದಿನದ ಹಾಲು ಒಡೆದು, ಮೇಲೆ ಹಳದಿ ಕೆನೆ ಕಟ್ಟಿತ್ತು. ಒಂದು ನೊಣವೂ ಅದರ ಮೇಲೆ ಕೂತಿರಲಿಲ್ಲ.

ಅಕ್ಕ ಊರಿನ ಹಾಲಿನ ಡೇರಿಯಲ್ಲಿ ಮೂವತ್ತೆರಡು ವರ್ಷ ಹಾಲು ಅಳೆದವಳು. ಊರಿಗೆಲ್ಲ ಡೇರಿಯಕ್ಕ. ಒಬ್ಬೊಬ್ಬರ ಕ್ಯಾನಿನಿಂದ ಪುಟ್ಟ ಬಾಟಲಿಯಷ್ಟು ಸ್ಯಾಂಪಲ್ ತೆಗೆದು ನೋಡುವುದು, ನೋಡಿ ಉಳಿದದ್ದನ್ನು ಚರಂಡಿಗೆ ಚೆಲ್ಲುವುದು ಎಲ್ಲ ಡೇರಿಯ ಪದ್ಧತಿ. ಅಕ್ಕ ಚೆಲ್ಲುತ್ತಿರಲಿಲ್ಲ. ಅದನ್ನು ಮನೆಗೆ ತಂದು ಈ ಬೋಗುಣಿಗೆ ಸುರಿಯುತ್ತಿದ್ದಳು. ಮೊನ್ನೆ ಬೆಳಗ್ಗೆ ಡೇರಿಯಲ್ಲಿ ಸ್ಯಾಂಪಲ್ ತೆಗೆಯಲೆಂದು ಎದ್ದವಳು ಮತ್ತೆ ಕುರ್ಚಿಯಲ್ಲೇ ಕೂತಳಂತೆ. ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರು, ಲೆಕ್ಕ ಮಾಡುತ್ತಿದ್ದಾಳೆಂದು ಕಾಯುತ್ತ ನಿಂತರಂತೆ.

"ನನ್ನ ಎಮ್ಮೆ ಅರ್ಧ ಆಯಸ್ಸು ಇವಳ ಬೆಕ್ಕಿಗೇ ಕರೆದಿದ್ದು," ಎಂದ ಗೋಡೆಗೆ ಒರಗಿ ಕೂತಿದ್ದ ಮುದುಕ. ದಿನಾ ಹಾಲು ಹಾಕಲು ಬಂದು ದಿನಾ ಜಗಳವಾಡುತ್ತಿದ್ದ ಅವನನ್ನು ಊರು ಗೊಣಗಪ್ಪ ಎಂದೇ ಕರೆಯುತ್ತಿತ್ತು. "ಏನಮ್ಮ, ಸ್ಯಾಂಪಲ್ ತೆಗೀತೀಯೋ ಇಲ್ಲ ಎಮ್ಮೇನೇ ತೆಗೀತೀಯೋ ಅಂತ ಕೇಳ್ತಿದ್ದೆ. ನಗೋಳು. ಅಷ್ಟೇ, ಜವಾಬಿಲ್ಲ."

"ಸುಮ್ನಿರು ಮಾವ. ನಿನ್ನ ಹಾಲು ನೋಡಿದ್ರೆ ಬೆಕ್ಕೇ ಮೂತಿ ತಿರುಗಿಸ್ತಿತ್ತು, ಅಷ್ಟು ನೀರು," ಎಂದಳು ಪಕ್ಕದ ಮನೆಯಾಕೆ.

ಗೊಣಗಪ್ಪ ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡು, "ಅದೂ ನಿಜಾನೇ," ಎಂದ.

ಹಜಾರದ ನಡುವೆ ಪೆಟ್ಟಿಗೆ. ಅದರೊಳಗೆ ಅಕ್ಕ, ಮೊದಲಿಗಿಂತ ಚಿಕ್ಕದಾಗಿ. ತಂಗಿ ಬಾಗಿ ನೋಡಿದಳು. ಎಡಗೈ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿತ್ತು, ಓಡಿಹೋಗುವ ಮಗುವನ್ನು ಹಿಡಿದ ಹಾಗೆ.

"ಇದ್ಯಾಕೆ ಹೀಗೆ?"

"ಅವಳೇ ಹೇಳಿದ್ದು," ಎಂದಳು ಪಕ್ಕದ ಮನೆಯಾಕೆ. "ನಾನು ಸತ್ತರೆ ಈ ಕೈಯನ್ನ ಆ ಕೈಲಿ ಹಿಡಿಸಿಬಿಡು, ಬಿಡಬೇಡ ಅಂತ. ನಿಮಗೆ ಗೊತ್ತಿಲ್ವಾ ಚಿಕ್ಕಕ್ಕ, ಆ ಬೆಕ್ಕಿನ ಮರಿಗಳ ವಿಷಯ? ಸಣ್ಣೋಳಿದ್ದಾಗ ಮರಿಗಳನ್ನ ಒಳಗಿಟ್ಟು ಅಗುಳಿ ಹಾಕಿಬಿಟ್ಲಂತೆ. ಬಾಗಿಲು ತೆಗೆದಿಟ್ಟೆ ಅನ್ನೋದೇ ಅವಳಿಗೆ ನೆನಪಂತೆ. ಆದ್ರೆ ಅವಳಿಗೆ ತಿಳೀದ ಹಾಗೆ ಕೈ ಅಗುಳಿ ಹಾಕಿತ್ತಂತೆ."

ತಂಗಿ ಪೆಟ್ಟಿಗೆಯ ಅಂಚು ಹಿಡಿದು ಕೂತಳು.

*

ಆಗ ಅಕ್ಕನಿಗೆ ಹನ್ನೊಂದು, ತಂಗಿಗೆ ಎಂಟು. ಮನೆಯ ಹಿಂದೆ ಹುಲ್ಲಿನ ಕೊಠಡಿ. ಅದರ ಮೂಲೆಯಲ್ಲಿ ಒಂದು ಮಚ್ಚೆಯ ಬೆಕ್ಕು ನಾಲ್ಕು ಮರಿ ಹಾಕಿತ್ತು. ಕಣ್ಣು ಆಗತಾನೆ ಬಿಟ್ಟಿದ್ದವು. ಸಂಜೆ ಆ ಕೊಠಡಿಗೆ ಅಗುಳಿ ಹಾಕುವುದು ಅಕ್ಕನ ಕೆಲಸ. ಮರಿ ಬಂದಮೇಲೆ ಅವಳು ಬಾಗಿಲನ್ನು ಒಂದು ಗೇಣು ತೆರೆದೇ ಇಡುತ್ತಿದ್ದಳು, ಅಪ್ಪನಿಗೆ ತಿಳಿಯದ ಹಾಗೆ.

ಸೋದರಮಾವನ ಮನೆಗೆ ಹತ್ತು ದಿನಕ್ಕೆ ಎಲ್ಲರೂ ಹೊರಟರು. ಗಾಡಿ ಹತ್ತಿದ ಮೇಲೆ ಅಕ್ಕ ತಂಗಿಯ ಕಿವಿಯಲ್ಲಿ, "ತೆಗೆದಿಟ್ಟಿದ್ದೀನಿ ಕಣೇ. ಅಮ್ಮ ಬೆಕ್ಕು ಓಡಾಡ್ಕೊಂಡಿರಲಿ," ಎಂದಳು.

ತಾಯಿಬೆಕ್ಕು ಮರಿಗಳನ್ನು ಕಚ್ಚಿಕೊಂಡು ಜಾಗ ಬದಲಿಸುತ್ತದೆಂದು ಯಾರೋ ತಂಗಿಗೆ ಹೇಳಿದ್ದರು. ತಿರುಗಿ ಬರುವಷ್ಟರಲ್ಲಿ ಮರಿಗಳೇ ಇಲ್ಲದಿದ್ದರೆ? ಗೊಂಬೆ ಮರೆತೆ ಎಂದು ಇಳಿದು ಓಡಿದಳು. ಕೊಠಡಿಯ ಕತ್ತಲೆಯಲ್ಲಿ ಏನೋ ಮಿಸುಕಿತು, ತಾಯಿಯೂ ಒಳಗೇ ಇದೆಯೆಂದುಕೊಂಡಳು. ಬಾಗಿಲು ಎಳೆದು, ತುದಿಗಾಲಲ್ಲಿ ನಿಂತು, ಅಗುಳಿ ಸರಿಸಿದಳು. ಗಾಡಿಯಲ್ಲಿ ದಾರಿಯುದ್ದಕ್ಕೂ ಅವಳಿಗೆ ಸಂತೋಷ.

ತಾಯಿ ಹೊರಗಿತ್ತು. ಹತ್ತು ದಿನದ ಮೇಲೆ ಬಂದು ನೋಡಿದರೆ ಬಾಗಿಲಿನ ಕೆಳಗಿನ ಹಲಗೆ ಹೊರಗಿನಿಂದ ಗೀರಿ ಗೀರಿ ಬೆಳ್ಳಗಾಗಿತ್ತು. ಬೆಕ್ಕು ಅದರ ಪಕ್ಕದಲ್ಲೇ ಕೂತಿತ್ತು. ಉಗುರುಗಳಿರಬೇಕಾದ ಕಡೆ ಕಪ್ಪಗೆ ಹೆಪ್ಪುಗಟ್ಟಿತ್ತು. ಕೂಗಿ ಕೂಗಿ ಗಂಟಲು ಹೋಗಿದ್ದರಿಂದ ಬಾಯಿ ತೆರೆಯುತ್ತಿತ್ತು, ಸದ್ದು ಬರುತ್ತಿರಲಿಲ್ಲ.

ಅಕ್ಕ ಅಗುಳಿಯನ್ನೇ ನೋಡಿದಳು. "ನಾನು ತೆಗೆದಿಟ್ಟಿದ್ದೆ," ಎಂದಳು.

"ದಿನಾ ಹಾಕೋ ಕೈ. ಅಭ್ಯಾಸಬಲದಿಂದ ಹಾಕಿರುತ್ತೆ, ನಿನಗೇ ಗೊತ್ತಾಗಿರಲ್ಲ," ಎಂದ ಅಪ್ಪ. ಬೈಯಲಿಲ್ಲ. ಬೈದಿದ್ದರೆ ತಂಗಿ ಅಳುತ್ತಿದ್ದಳೇನೋ, ಹೇಳಿಬಿಡುತ್ತಿದ್ದಳೇನೋ.

ಅಕ್ಕ ತನ್ನ ಬಲಗೈಯನ್ನು ಮುಖದ ಹತ್ತಿರ ತಂದು, ಅದು ಬೇರೆ ಯಾರದ್ದೋ ಎಂಬಂತೆ, ತಿರುಗಿಸಿ ತಿರುಗಿಸಿ ನೋಡಿದಳು. ತಂಗಿ ಗೊಂಬೆಯನ್ನು ಅವಚಿಕೊಂಡು ಸುಮ್ಮನೆ ನಿಂತಿದ್ದಳು.

*

"ನನ್ನ ಮಗೂನ ಒಂದು ದಿನಾನೂ ಎತ್ಕೊಳ್ಳಲಿಲ್ಲ," ಪಕ್ಕದ ಮನೆಯಾಕೆ ಹೇಳುತ್ತಲೇ ಇದ್ದಳು. "ಜೀವ ಬಿಡ್ತಿದ್ಲು ಮಕ್ಕಳು ಅಂದ್ರೆ. ದೂರ ಕೂತು ಹಾಡು ಹೇಳೋಳು. ಎತ್ಕೋ ಅಂದ್ರೆ, ಬೇಡ ಕಣೇ, ನನ್ನ ಕೈ ಏನು ಮಾಡುತ್ತೋ ನನಗೇ ತಿಳಿಯಲ್ಲ ಅನ್ನೋಳು. ಮದುವೆ ಮಾತು ಬಂದಾಗ್ಲೂ ಅದೇ ಅಂದ್ಲಂತೆ."

"ಬಾಗಿಲು ಕಿತ್ತಿದ್ದು ನಾನೇ," ಎಂದ ಬಡಗಿ, ಬಾಯಲ್ಲಿ ಕಚ್ಚಿದ್ದ ಮೊಳೆಗಳ ನಡುವಿನಿಂದ. "ಒಳ್ಳೆ ಬಾಗಿಲು ಕಣಮ್ಮ, ಯಾಕೆ ಅಂದೆ. ಇದ್ದರೆ ತಾನೇ ಹಾಕೋದು ಅಂದ್ರು." ಅವನು ಮೊಳೆಗಳನ್ನು ಅಂಗೈಗೆ ಉಗುಳಿಕೊಂಡ. "ಮುಚ್ಚಲಾ? ಬಿಸಿಲು ಏರ್ತಾ ಇದೆ."

ಎಲ್ಲರೂ ತಂಗಿಯ ಮುಖ ನೋಡಿದರು. ಇರುವ ಒಬ್ಬಳೇ ಸಂಬಂಧಿ, ಅವಳು ಹೂಂ ಅನ್ನಬೇಕು.

ಐವತ್ತನಾಲ್ಕು ವರ್ಷ. ಅಕ್ಕನಿಗೆ ಅದು ನೆನಪೇ ಇರಲಾರದು ಎಂದು ತನ್ನನ್ನು ತಾನು ನಂಬಿಸಿಕೊಂಡು ಬದುಕಿದ್ದಳು. ಒಂದು ಮಾತು ಸಾಕಿತ್ತು. ಕಾಗದದಲ್ಲಿ ಬರೆಯಬಹುದಿತ್ತು, ಫೋನಿನಲ್ಲಿ ನಗುತ್ತ ಹೇಳಬಹುದಿತ್ತು. ಈಗಲೂ ಮುಚ್ಚಳ ತೆರೆದಿದೆ. ಕಿವಿ ಒಂದು ಮೊಳ ದೂರದಲ್ಲಿದೆ. ಇಷ್ಟು ಜನರೆದುರು ಹೇಳಿದರೆ ಆ ಎಡಗೈಯನ್ನು ಬಿಡಿಸಬಹುದು. ಬಿಡಿಸಲೇಬೇಕು.

ಬಾಯಿ ತೆರೆದಳು. ಹೊಸ್ತಿಲಿನ ಬೆಕ್ಕುಗಳು ಅವಳನ್ನೇ ನೋಡುತ್ತಿದ್ದವು. ಪೆಟ್ಟಿಗೆಯ ಕಡೆ ಒಂದೂ ನೋಡುತ್ತಿರಲಿಲ್ಲ. ಒಲೆಯ ಕಟ್ಟೆಯ ಮೇಲಿನದೂ ಕಿಟಕಿಯದೂ ಅವಳನ್ನೇ.

ಸದ್ದು ಬರಲಿಲ್ಲ. ತಲೆ ಮಾತ್ರ ಅಲ್ಲಾಡಿತು. ಬಡಗಿ ಅದನ್ನು ಒಪ್ಪಿಗೆಯೆಂದು ತಿಳಿದ.

ಮುಚ್ಚಳ ಕೂತಿತು. ಮೊದಲ ಮೊಳೆಗೆ ಪೆಟ್ಟು ಬಿದ್ದಾಗ ಅವಳ ಗಂಟಲು ಬಿಚ್ಚಿಕೊಂಡಿತು. "ಅವಳಲ್ಲ, ನಾನು ಹಾಕಿದ್ದು—"

ಬಡಗಿ ಸುತ್ತಿಗೆ ಎತ್ತಿ ಹಿಡಿದ. "ಏನಂದ್ರಿ?"

ಗೊಣಗಪ್ಪ ಟವೆಲು ಕೆಳಗಿಳಿಸಿ ನೋಡಿದ.

"ಏನಿಲ್ಲ," ಎಂದಳು ತಂಗಿ. "ಹೊಡೀರಿ."

*

ಹೊಲಗಳ ನಡುವಿನ ದಾರಿಯಲ್ಲಿ ನಾಲ್ವರು ಪೆಟ್ಟಿಗೆ ಹೊತ್ತು ನಡೆದರು. ಹಿಂದೆ ಡೇರಿಗೆ ಹಾಲು ಹಾಕುವವರೆಲ್ಲ. ತಂಗಿ ಕೊನೆಗೆ ಉಳಿದಳು.

"ಚಿಕ್ಕಕ್ಕ," ಪಕ್ಕದ ಮನೆಯಾಕೆ ಅವಳ ತೋಳು ಹಿಡಿದಳು. "ತಿರುಗಬೇಡಿ. ಹಿಂದೆ ಬರ್ತಾ ಇವೆ."

"ಅಕ್ಕನ ಹಿಂದೆ ಬರ್ತಿರಬೇಕು."

"ಇಲ್ಲ. ನೀವು ಚಪ್ಪಲಿ ಸರಿಮಾಡ್ಕೊಳ್ಳೋಕೆ ನಿಂತ್ರಲ್ಲ, ಆಗ ಅವೂ ನಿಂತವು. ಪೆಟ್ಟಿಗೆ ಮುಂದೆ ಹೋಗ್ತಾನೇ ಇತ್ತು." ಆಮೇಲೆ ತಾನೇ ಸಮಾಧಾನ ಹುಡುಕಿಕೊಂಡಳು. "ನಿಮ್ಮದೂ ಅವಳದೇ ನಡಿಗೆ, ಅದಕ್ಕಿರಬೇಕು."

ಆದರೂ ಅವಳು ತೋಳು ಬಿಟ್ಟು, ಹೆಜ್ಜೆ ಬಿರುಸಾಗಿಸಿ, ಜನರ ನಡುವೆ ಸೇರಿಕೊಂಡಳು.

ಮಣ್ಣು ಮುಚ್ಚುವ ಕೆಲಸ ಬೇಗ ಮುಗಿಯಿತು. ಒಬ್ಬೊಬ್ಬರೇ ಗುದ್ದಲಿ ಹೆಗಲಿಗೇರಿಸಿದರು. ಸಂಜೆಯ ಹಾಲಿಗೆ ಹೊತ್ತಾಗುತ್ತಿತ್ತು, ಹಸುಗಳು ಕಾಯುವುದಿಲ್ಲ.

"ಬನ್ನಿ ತಾಯಿ," ಎಂದ ಗೊಣಗಪ್ಪ. "ಬಿಸಿಲಲ್ಲಿ ಎಷ್ಟೊತ್ತು ನಿಲ್ತೀರ?"

"ನೀವು ನಡೀರಿ. ಬರ್ತೀನಿ."

ಅವನು ಬೆಕ್ಕುಗಳನ್ನು ನೋಡಿದ, ಅವಳನ್ನು ನೋಡಿದ. ಏನೋ ಗೊಣಗಲು ಹೋಗಿ, ಗೊಣಗದೆ ಹೊರಟ.

ಮಾತಿನ ಸದ್ದು ದೂರವಾಯಿತು. ತಂಗಿ ತಿರುಗಿದಳು. ಹನ್ನೊಂದೂ ಒಣಹುಲ್ಲಿನ ಮೇಲೆ ಅರ್ಧ ಸುತ್ತು ಕಟ್ಟಿ ಕೂತಿದ್ದವು, ಹಾಲಿಗೆ ಕಾಯುವ ಹಾಗೆ, ಬಾಲವನ್ನು ಕಾಲಿಗೆ ಸುತ್ತಿಕೊಂಡು. ಎದುರು ಬಿಸಿಲಿಗೆ ಕಣ್ಣುಗಳಲ್ಲಿ ಗೀಟಿನಷ್ಟೇ ಕಪ್ಪು. ಬರಿಗೈಯನ್ನು ಬಿಡಿಸಿ ತೋರಿಸಿದಳು. ಅವು ಕೈ ನೋಡಲಿಲ್ಲ, ಮುಖವನ್ನೇ ನೋಡಿದವು.

ಅವಳು ಅಕ್ಕನನ್ನು ಮುಚ್ಚಿದ ಮಣ್ಣಿನ ಪಕ್ಕದಲ್ಲೇ ನೆಲದ ಮೇಲೆ ಕೂತಳು. ಎಂಟು ವರ್ಷದ ಹುಡುಗಿಯ ಹಾಗೆ ಮಂಡಿ ಕಟ್ಟಿಕೊಂಡಳು.

"ಅಕ್ಕ ಬಾಗಿಲು ತೆಗೆದೇ ಇಟ್ಟಿದ್ದಳು," ಎಂದಳು. ದನಿ ಸ್ಪಷ್ಟವಾಗಿ ಬಂತು, ಅವಳಿಗೇ ಆಶ್ಚರ್ಯವಾಗುವಷ್ಟು. "ಗೊಂಬೆ ನೆಪ ಹೇಳಿ ಓಡಿಬಂದು ಅಗುಳಿ ಹಾಕಿದ್ದು ನಾನು. ಅವಳ ಕೈ ಅಲ್ಲ. ನನ್ನ ಕೈ."

ಗಾಳಿ ಇರಲಿಲ್ಲ. ಹುಲ್ಲಿನ ಒಂದು ಎಸಳೂ ಅಲುಗುತ್ತಿರಲಿಲ್ಲ. ಬೆಕ್ಕುಗಳ ಕಣ್ಣು ಅವಳ ಮೇಲೇ ಇತ್ತು. ಕಿವಿಗಳು ಮಾತ್ರ, ಹರಿದವೂ ನೆಟ್ಟಗಿದ್ದವೂ, ಎಲ್ಲ ಒಮ್ಮೆಲೇ ಅವಳನ್ನು ಬಿಟ್ಟು ಒಳಗೆ ಏನೋ ಕೇಳಿಸಿದ ಹಾಗೆ, ಅವಳ ಪಕ್ಕದ ಹಸಿ ಮಣ್ಣಿನ ಕಡೆಗೆ ತಿರುಗಿದವು.