ಬೋರ್ಡಿನ ಹಿಂದಿನ ಕೊಂಬೆ

ಕೆದರಿದ ತಲೆ ಕಂಡರೆ ಕ್ಷೌರದಂಗಡಿಯವನ ಕೈ ಸುಮ್ಮನಿರದು. ಮನುಷ್ಯನದೋ ಮರದ್ದೋ ಎಂಬ ಭೇದವೂ ಅವನಿಗಿಲ್ಲ. ಅಂಗಡಿಯ ಮುಂದೆ ಅವನ ಅಕ್ಕ ನೆಟ್ಟ ಗಿಡವೊಂದಿತ್ತು. ಎಲೆ ಉದುರಿದ ಬರಿಗೊಂಬೆಯ ಮೇಲೆ ಅಂಗೈಯಗಲದ ಗುಲಾಬಿ ಬಣ್ಣದ ಹೂ ಬಿಡುವ ಜಾತಿ. ಚಳಿಗಾಲದಲ್ಲಿ ಎಲೆ ಉದುರಿದ್ದೇ ತಡ, ಇವನು ಸ್ಟೂಲು ಹತ್ತಿ ತುದಿಗಳನ್ನೆಲ್ಲ ಕತ್ತರಿಸಿ ಗುಂಡಗೆ ಮಾಡಿಬಿಡುತ್ತಿದ್ದ. ದಾರಿಹೋಕರು ಹೊಗಳಿದರೆ ಮೀಸೆ ತಿರುವುತ್ತಿದ್ದ.

ಒಂಬತ್ತು ವರ್ಷವಾದರೂ ಗಿಡ ಒಂದೇ ಒಂದು ಹೂ ಬಿಟ್ಟಿರಲಿಲ್ಲ.

ಮಕ್ಕಳಾಗಲಿಲ್ಲವೆಂದು ಗಂಡನ ಮನೆಯಲ್ಲಿ "ಇವಳ ಕೈಗುಣವೇ ಸರಿಯಿಲ್ಲ" ಅನ್ನಿಸಿಕೊಂಡು ತಮ್ಮನ ಮನೆ ಸೇರಿದವಳು ಅಕ್ಕ. ಬಂದ ವಾರವೇ ಈ ಸಸಿ ನೆಟ್ಟಿದ್ದಳು. ಬೇಸಿಗೆಯಲ್ಲಿ ತಾನು ಕುಡಿಯುವ ಮೊದಲು ಅದಕ್ಕೆ ಕುಡಿಸುತ್ತಿದ್ದಳು. ಈ ವರ್ಷ ಅವಳ ತಾಳ್ಮೆ ಮುಗಿಯಿತು.

"ಕಡಿಸಿಬಿಡೋ. ಅವರು ಅಂದಿದ್ದೇ ನಿಜ. ನನ್ನ ಕೈ ಮುಟ್ಟಿದ್ದು ಯಾವ್ದೂ ಫಲ ಕೊಡಲ್ಲ."

"ಮುಂದಿನ ವಾರ ನೋಡೋಣ ಬಿಡಕ್ಕ" ಅಂದ ತಮ್ಮ.

ಮರುದಿನ ನರ್ಸರಿಯವನು ಗಡ್ಡ ತೆಗೆಸಲು ಬಂದ. ಮುಖಕ್ಕೆಲ್ಲ ಸೋಪಿನ ನೊರೆ ಹಚ್ಚಿಸಿಕೊಂಡು ಕೂತವನು ಕನ್ನಡಿಯಲ್ಲಿ ಗಿಡ ಕಂಡು ನಕ್ಕುಬಿಟ್ಟ.

"ಅದಕ್ಕೆ ಕಟಿಂಗ್ ಮಾಡಿದ ಪುಣ್ಯಾತ್ಮ ಯಾರಪ್ಪ? ಚಳಿಗೆ ಮೊದಲೇ ತುದೀಲಿ ಮೊಗ್ಗು ಕಟ್ಟಿರುತ್ತೆ. ತುದೀನೇ ಕತ್ತರಿಸಿದ್ರೆ ಹೂವು ಆಕಾಶದಿಂದ ಬರುತ್ತಾ?"

ಅಷ್ಟರಲ್ಲಿ ಅವನ ಒಂದು ಕೆನ್ನೆ ಬೋಳಿಸಿ ಮುಗಿಸಿದ್ದ ತಮ್ಮ ಇನ್ನೊಂದನ್ನು ಹಾಗೇ ಬಿಟ್ಟು ಹೊರಗೆ ಓಡಿದ. ಈ ವರ್ಷ ಹೊಸದಾಗಿ ಹಾಕಿಸಿದ ಬೋರ್ಡಿನ ಹಿಂದೆ ಒಂದು ಕೊಂಬೆ ಸಿಕ್ಕಿಕೊಂಡು, ಕತ್ತರಿಗೆ ಎಟುಕದೆ ಉಳಿದಿತ್ತು. ಅದರಲ್ಲಿ ಮೂರು ದಪ್ಪ ಮೊಗ್ಗು.

ಸುಮ್ಮನಿದ್ದರೆ ಯಾರಿಗೂ ತಿಳಿಯದು. ಹೂ ಅರಳಿದರೆ ಅಕ್ಕ ಹಿಗ್ಗುತ್ತಾಳೆ, ತನ್ನ ಮಾನವೂ ಉಳಿಯುತ್ತದೆ. ಆದರೆ ಒಂಬತ್ತು ವರ್ಷ ಅವಳು ತನ್ನ ಕೈಯನ್ನೇ ಹಳಿದುಕೊಂಡಳಲ್ಲ? ಅವನು ನೇರ ಅಂಗಡಿಯ ಹಿಂದಿನ ಅಡುಗೆಮನೆಗೆ ಹೋದ.

"ಅಕ್ಕಾ, ತಪ್ಪು ನಿನ್ನ ಕೈದಲ್ಲ. ವರ್ಷಾ ವರ್ಷಾ ಮೊಗ್ಗು ಕತ್ತರಿಸಿ ಹಾಕ್ತಿದ್ದೋನು ನಾನೇ."

ಅಕ್ಕ ಅವನ ಜೇಬಿನಲ್ಲಿದ್ದ ಕತ್ತರಿ ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿದಳು.

"ಗಿರಾಕಿ ಬಂದಾಗ ಕೇಳಿ ಇಸ್ಕೊ. ಗಿಡದ ಹತ್ರ ಕಂಡ್ಯೋ, ನಿನ್ನ ಮೀಸೆ ಹೋಯ್ತು ಅಂತ ತಿಳ್ಕೊ."

"ನನ್ನ ಇನ್ನೊಂದು ಕೆನ್ನೆ!" ಎಂದು ಅಂಗಡಿಯಿಂದ ಕೂಗು ಕೇಳಿಸಿತು.

ಮೂರು ವಾರಕ್ಕೆ ಮೂರೂ ಅರಳಿದವು. ತಮ್ಮ ಹೊಸ ಬೋರ್ಡನ್ನು ತಾನೇ ಬಿಚ್ಚಿ ಕೆಳಗಿಟ್ಟ. ಅಕ್ಕ ಬೆಳಗಿನಿಂದ ಗಿಡದಡಿ ನಿಂತು, ಹೋಗಿಬರುವವರನ್ನೆಲ್ಲ ತಡೆದು, "ನೋಡಿ, ನಾನು ನೆಟ್ಟಿದ್ದು" ಎಂದು ತೋರಿಸಿದಳು. ಸಂಜೆಯ ಹೊತ್ತಿಗೆ ಗಂಟಲು ಕಟ್ಟಿ ದನಿಯೇ ಹೊರಡದಾಯಿತು. ಆಗಲೂ ಬಿಡಲಿಲ್ಲ; ಬಂದವರಿಗೆ ಮೊದಲು ಹೂವು ತೋರಿಸಿ, ಆಮೇಲೆ ತನ್ನ ಅಂಗೈ ತೋರಿಸುತ್ತಿದ್ದಳು.