ನಮ್ಮವರ ಮೂಲೆ

ತಮ್ಮ ತೀರಿಹೋದ ಮೇಲೆ ಅವಳು ಮತ್ತೆ ಕೆಲಸಕ್ಕೆ ಬಂದ ಮೊದಲ ದಿನ. ಆಸ್ಪತ್ರೆಯ ನೆಲಮಾಳಿಗೆಯಲ್ಲಿದ್ದ ಗ್ರಂಥಾಲಯದ ಬೀಗ ತೆಗೆದಳು, ದೀಪ ಹಾಕಿದಳು, ಕುರ್ಚಿಗಳನ್ನು ಮೇಜಿನ ಕೆಳಗೆ ಸರಿಸಿದಳು. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ದುಃಖ ಅಂತ ಒಂದಿರಬೇಕಲ್ಲ, ಅದೆಲ್ಲಿ ಹೋಯಿತೋ ಏನೋ, ಒಳಗೆಲ್ಲ ಮರಗಟ್ಟಿತ್ತು.

ಕೊನೆಯ ಗೋಡೆಗೆ ಆತು ನಿಂತಿದ್ದ ಕಪಾಟೇ ‘ನಮ್ಮವರ ಮೂಲೆ’. ಬಂದು ಎರಡು ತಲೆಮಾರಾದರೂ ಊರಿಗೆ ಹೊರಗಿನವರಾಗಿಯೇ ಉಳಿದ, ಕಡುಕಪ್ಪು ಮೈಬಣ್ಣದ ಅವಳ ಜನರ ಕಾಯಿಲೆ ಕಸಾಲೆಗಳ ಪುಸ್ತಕಗಳೆಲ್ಲ ಅಲ್ಲಿದ್ದವು. ಮೊದಲು ಅವು ಬೇರೆ ಪುಸ್ತಕಗಳ ನಡುವೆ ಚದುರಿಹೋಗಿದ್ದವು. ಆ ಜನರಲ್ಲಿ ಹಿರಿಯರಾದ ಅವಳ ಚಿಕ್ಕಪ್ಪ ಆಡಳಿತದವರ ಬೆನ್ನುಬಿದ್ದು, ಕಾಡಿ ಬೇಡಿ ಈ ಮೂಲೆ ಮಾಡಿಸಿದ್ದರು. ಪುಣ್ಯಾತ್ಮ ಜನ್ಮದಲ್ಲಿ ಒಂದು ಪುಸ್ತಕ ಪೂರ್ತಿ ಓದಿದವರಲ್ಲ; ಆದರೆ ಬಂದಾಗಲೆಲ್ಲ ಹೆಗಲ ಟವೆಲಿನಿಂದ ಕಪಾಟು ಒರೆಸಿ, ಎದೆಯುಬ್ಬಿಸಿಕೊಂಡು ಹೋಗುತ್ತಿದ್ದರು. ಅವಳಿಗೂ ಹೆಮ್ಮೆಯೇ, ಸುಳ್ಳೇಕೆ?

ತಮ್ಮನನ್ನು ನೋಡಿಕೊಂಡಿದ್ದ ಡಾಕ್ಟರು ಬಂದು ಮೇಜಿನ ಮುಂದೆ ನಿಂತರು.

“ಅವತ್ತು ನಾನು ಇಲ್ಲಿಗೆ ಬಂದಿದ್ದೆ. ನೀವು ಮೇಲೆ ಅವನ ಹತ್ರ ಕೂತಿದ್ರಿ. ಅವನ ಜೀವ ತೆಗೆದ ಆ ಸೋಂಕಿಗೆ ಮೈಮೇಲೆ ಕಲೆ ಏಳುತ್ತೆ. ಎದೆ, ಬೆನ್ನು ಎಲ್ಲ ನೋಡಿದ್ದೆ, ಏನೂ ಕಾಣ್ಲಿಲ್ಲ. ಇಲ್ಲಿ ಚರ್ಮದ ಕಾಯಿಲೆ ಪುಸ್ತಕ ಅಷ್ಟನ್ನೂ ತೆಗೆದು ನೋಡಿದೆ. ಒಂದ್ರಲ್ಲೂ ನಿಮ್ಮಂಥ ಮೈಬಣ್ಣದ ಚಿತ್ರ ಇರ್ಲಿಲ್ಲ. ಬರೀ ಜ್ವರ ಅಂದ್ಕೊಂಡ್ಬಿಟ್ಟೆ.”

“ಆ ಮೂಲೆ ನೋಡ್ಲಿಲ್ವಾ?”

ಡಾಕ್ಟರು ತಿರುಗಿ ನೋಡಿದರು. “ಅದು ನಿಮ್ಮವರು ಓದೋಕೆ ಅಂತ ಇಟ್ಟಿರೋದಲ್ವಾ?”

ಸಿಟ್ಟು ನೆತ್ತಿಗೇರಬೇಕಿತ್ತು. ಏರಲಿಲ್ಲ. “ಸರಿ” ಅಂದಳು. ಅವರು ಹೋದ ಮೇಲೆ ಕಪಾಟು ಖಾಲಿ ಮಾಡತೊಡಗಿದಳು. ಹೃದಯದ್ದು ಹೃದಯದ ಸಾಲಿಗೆ, ಬಸುರಿ ಬಾಣಂತಿಯರದ್ದು ಆ ಸಾಲಿಗೆ, ಚರ್ಮದ್ದು ಚರ್ಮದ ಸಾಲಿಗೆ.

ಮಧ್ಯಾಹ್ನ ಚಿಕ್ಕಪ್ಪ ಬಂದರು. ಮೂಲೆಗೆ ಹುಡುಗನ ಹೆಸರಿಡಬೇಕೆಂದು ಹಲಗೆ ಬರೆಸಿ ತಂದಿದ್ದರು. ಬರಿದಾದ ಕಪಾಟು ನೋಡಿ ಕೆಂಡಾಮಂಡಲವಾದರು.

“ಯಾರೇ ಇದನ್ನ ತೆಗೆಸಿದ್ದು? ಹೇಳು, ಒಂದು ಕೈ ನೋಡ್ಕೋತೀನಿ!”

“ನಾನೇ ಚಿಕ್ಕಪ್ಪ.”

“ತಲೆಗಿಲೆ ಕೆಟ್ಟಿದೆಯಾ ನಿಂಗೆ? ನಮ್ಮವರಿಗೆ ಅಂತ ಇಲ್ಲಿ ಇದ್ದಿದ್ದೇ ಅದೊಂದು!”

ಡಾಕ್ಟರು ಹೇಳಿದ್ದನ್ನು ಅವಳು ಬೇರೆ ಯಾರದೋ ಮನೆಯ ಸುದ್ದಿಯಂತೆ ಒಪ್ಪಿಸಿದಳು. ಚರ್ಮದ ಸಾಲಿನಿಂದ ಪುಸ್ತಕ ತೆಗೆದು ಹಾಳೆ ಬಿಡಿಸಿ ಅವರ ಮುಂದಿಟ್ಟಳು. ಕಪ್ಪು ಮೈಯಲ್ಲಿ ಈ ಕಲೆ ಸುಲಭಕ್ಕೆ ಕಾಣದು, ಅಂಗೈ ಅಂಗಾಲು ನೋಡಿ ಎಂದಿತ್ತು. ಕೆಳಗೆ ಕಲೆಯೆದ್ದ ಒಂದು ಅಂಗಾಲಿನ ಚಿತ್ರ.

ಚಿಕ್ಕಪ್ಪ ಹಲಗೆಯನ್ನು ನೆಲಕ್ಕಿಟ್ಟು, ಬಗ್ಗಿ ನೋಡಿದರು. ಹುಡುಗನ ಹೆಣಕ್ಕೆ ಕೊನೆಯ ಸ್ನಾನ ಮಾಡಿಸಿದವರು ಅವರೇ.

“ಇದನ್ನ ನಾನು ನೋಡಿದ್ದೆ ಕಣಮ್ಮಾ,” ಅಂದರು. “ಕಾಲು ತೊಳೆಯುವಾಗ. ಕೊಳೆ ಅಂದ್ಕೊಂಡು ಉಜ್ಜಿದೆ. ಎಷ್ಟು ಉಜ್ಜಿದ್ರೂ ಹೋಗ್ಲಿಲ್ಲ.”